ಎಲ್‌ಎಲ್‌ಪಿ ಹೆಸರಲ್ಲಿ ಫ್ಲ್ಯಾಟ್ ತಗೊಂಡ್ರೆ ನಮ್ಮ ಹೆಸರು ಗುಟ್ಟಾಗಿ ಉಳೀತದಾ?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಸುಲಭವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಸಿಟಿ ಬಸ್ಸಲ್ಲಿ ಸ್ಟೇಟ್‌ಬ್ಯಾಂಕಿಗೆ ಹೋಗ್ತಾ ಇಯರ್‌ಫೋನ್ ಹಾಕಿಕೊಂಡವರಿಗೆ, ದುಬೈಯ ರೂಮಲ್ಲಿ ಅನ್ನಕ್ಕೆ ಇಟ್ಟು ಕೇಳ್ತಾ ಇರುವವರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದೇ ಒಂದು ಪ್ರಶ್ನೆ. ಕೆಲವು ತಿಂಗಳಿಂದ ಬೇರೆ ಬೇರೆ ಮಾತಲ್ಲಿ ನನಗೆ ಬರ್ತಾ ಉಂಟು. ಸಾರಾಂಶ ಇಷ್ಟು: "ಮಂಗಳೂರಲ್ಲಿ ಒಂದು ಫ್ಲ್ಯಾಟ್ ತಗೊಳ್ಬೇಕು, ಬಾಡಿಗೆಗೆ ಕೊಡ್ಬೇಕು. ಆದ್ರೆ ನನ್ನ ಹೆಸರು ಹೊರಗೆ ಬರಬಾರದು. ಅಮೆರಿಕದಲ್ಲಿ ಎಲ್‌ಎಲ್‌ಸಿ ಮಾಡಿ ಅದರ ಹೆಸರಲ್ಲಿ ಮನೆ ತಗೊಳ್ತಾರಂತೆ. ನಮ್ಮಲ್ಲಿ ಎಲ್‌ಎಲ್‌ಪಿ ಮಾಡಿದ್ರೆ ಸಾಕಾ?"

ಹೆಸರು ಬೇಡ ಅಂದ ಕೂಡಲೇ ಕಳ್ಳ ಹಣ ಅಂತ ತಿಳ್ಕೊಳ್ಬೇಡಿ. ಗಲ್ಫಿನಲ್ಲಿ ದುಡಿಯುವವರಿಗೆ, ಊರಲ್ಲಿ ಜಾಗ ತಗೊಂಡ ಸುದ್ದಿ ಹಬ್ಬಿದ್ರೆ ಮರುದಿನದಿಂದಲೇ ಸಾಲ ಕೇಳಿ ಫೋನ್ ಬರ್ತದೆ. ಒಬ್ಬಳೇ ಇರುವ ಹುಡುಗಿಗೆ ತನ್ನ ವಿಳಾಸ ಯಾರಿಗೂ ಸಿಗಬಾರದು ಅಂತ ಇರ್ತದೆ. ಮನೆಯ ಪಾಲಿನ ಮಾತುಕತೆ ನಡೆಯುವಾಗ "ಅವನಿಗೆ ಹೇಗೂ ಫ್ಲ್ಯಾಟ್ ಉಂಟಲ್ಲ" ಅನ್ನುವ ಮಾತು ಯಾರಿಗೂ ಬೇಡ. ಇದೆಲ್ಲ ನ್ಯಾಯವಾದ ಕಾರಣವೇ.

ಆದ್ರೆ ಉತ್ತರ ಮೊದಲೇ ಹೇಳಿಬಿಡ್ತೇನೆ. ಭಾರತದಲ್ಲಿ ಎಲ್‌ಎಲ್‌ಪಿ ನಿಮ್ಮನ್ನು ಅಡಗಿಸುವುದಿಲ್ಲ. ಕೆಲವು ವಿಷಯಗಳಲ್ಲಿ ಇನ್ನೂ ಹೆಚ್ಚು ತೆರೆದಿಡ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ರೀಲ್ಸ್‌ನಲ್ಲಿ ಹೇಳುವ ಎಲ್‌ಎಲ್‌ಸಿ

ಎಲ್‌ಎಲ್‌ಸಿ ಅಂದ್ರೆ ಲಿಮಿಟೆಡ್ ಲಯಬಿಲಿಟಿ ಕಂಪನಿ. ಅಮೆರಿಕದಲ್ಲಿ ಇದಕ್ಕೆ ಮೊದಲು ಕಾಯ್ದೆ ಮಾಡಿದ್ದು ವಯೋಮಿಂಗ್ ರಾಜ್ಯ, 1977ರಲ್ಲಿ. ಅಲ್ಲಿ ಕಂಪನಿ ನೋಂದಣಿ ಆಯಾ ರಾಜ್ಯದ ಕೆಲಸ. ವಯೋಮಿಂಗ್, ಡೆಲಾವೇರ್, ನ್ಯೂ ಮೆಕ್ಸಿಕೊದಂಥ ರಾಜ್ಯಗಳಲ್ಲಿ ಎಲ್‌ಎಲ್‌ಸಿ ಶುರು ಮಾಡುವ ಅರ್ಜಿಯಲ್ಲಿ ಮಾಲೀಕರ ಹೆಸರು ಬರೆಯುವ ಅಗತ್ಯವೇ ಇಲ್ಲ. ಮನೆಯ ದಾಖಲೆಯಲ್ಲಿ ಎಲ್‌ಎಲ್‌ಸಿ ಹೆಸರು ಕಾಣ್ತದೆ, ಅದರ ಹಿಂದೆ ಯಾರು ಅಂತ ಹುಡುಕಿದ್ರೆ ಏಜೆಂಟನ ವಿಳಾಸ ಮಾತ್ರ ಸಿಗ್ತದೆ. ಗುಟ್ಟು ಹುಟ್ಟುವುದು ಅಲ್ಲಿಂದ.

ಅಲ್ಲಿಯೂ ಅದಕ್ಕೆ ಕಡಿವಾಣ ಹಾಕಲು ಹೊರಟಿದ್ರು. ಕಂಪನಿಗಳ ನಿಜವಾದ ಮಾಲೀಕರು ಯಾರು ಅಂತ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾಯ್ದೆ 2021ರಲ್ಲಿ ಬಂತು. 2025ರ ಮಾರ್ಚಿನಲ್ಲಿ ಅಲ್ಲಿನ ಖಜಾನೆ ಇಲಾಖೆ ದೇಶದೊಳಗಿನ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಹಾಗಾಗಿ ರೀಲ್ಸ್ ಮಾಡುವವರು ಅಮೆರಿಕದ ಬಗ್ಗೆ ಹೇಳುವುದು ಪೂರ್ತಿ ಸುಳ್ಳಲ್ಲ. ಅದು ನಮ್ಮಲ್ಲಿ ನಡೆಯುವುದಿಲ್ಲ, ಅಷ್ಟೇ.

"ಹಾಗಾದ್ರೆ ಡೆಲಾವೇರಲ್ಲೇ ಒಂದು ಎಲ್‌ಎಲ್‌ಸಿ ಮಾಡಿ ಕದ್ರಿಯಲ್ಲಿ ಫ್ಲ್ಯಾಟ್ ತಗೊಳ್ತೇನೆ" ಅಂತ ಯಾರಾದ್ರೂ ಯೋಚನೆ ಮಾಡ್ತಿದ್ರೆ, ಆಗುವುದಿಲ್ಲ. ವಿದೇಶಿ ವಿನಿಮಯ ಕಾಯ್ದೆ, ಅಂದ್ರೆ ಫೆಮಾ ಪ್ರಕಾರ, ಇಲ್ಲಿ ಕಚೇರಿ ಇಲ್ಲದ ವಿದೇಶಿ ಸಂಸ್ಥೆ ಭಾರತದಲ್ಲಿ ಮನೆ, ಜಾಗ ಕೊಳ್ಳುವಂತಿಲ್ಲ. ಕಚೇರಿ ಇದ್ರೂ ಅದರ ಕೆಲಸಕ್ಕೆ ಬೇಕಾದಷ್ಟೇ.

ನಮ್ಮಲ್ಲಿ ಇರುವುದು ಎಲ್‌ಎಲ್‌ಪಿ

ಭಾರತದಲ್ಲಿ ಎಲ್‌ಎಲ್‌ಸಿ ಅನ್ನುವ ವ್ಯವಸ್ಥೆಯೇ ಇಲ್ಲ. ಅದಕ್ಕೆ ಹತ್ತಿರದ್ದು ಎಲ್‌ಎಲ್‌ಪಿ, ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್. 2008ರ ಕಾಯ್ದೆ, 2009ರ ಮಾರ್ಚ್ 31ರಿಂದ ಜಾರಿಗೆ ಬಂತು. ಕನಿಷ್ಠ ಇಬ್ಬರು ಪಾಲುದಾರರು ಬೇಕು. ಸಹಿ ಹಾಕಿ ಜವಾಬ್ದಾರಿ ಹೊರುವ ಇಬ್ಬರಿಗೆ ಡೆಸಿಗ್ನೇಟೆಡ್ ಪಾರ್ಟ್‌ನರ್ ಅಂತ ಹೆಸರು, ಅವರಲ್ಲಿ ಒಬ್ಬರಾದ್ರೂ ಭಾರತದಲ್ಲಿ ವಾಸ ಇರಬೇಕು. ಎಲ್‌ಎಲ್‌ಪಿ ತನ್ನದೇ ಹೆಸರಲ್ಲಿ ಆಸ್ತಿ ಕೊಳ್ಳಬಹುದು, ಮಾರಬಹುದು, ಕೋರ್ಟಿಗೆ ಹೋಗಬಹುದು.

ಇಲ್ಲಿಯವರೆಗೆ ಅಮೆರಿಕದ ಹಾಗೆಯೇ. ವ್ಯತ್ಯಾಸ ಬರುವುದು ಕಾಯ್ದೆಯ 36ನೇ ಸೆಕ್ಷನ್‌ನಲ್ಲಿ. ಎಲ್‌ಎಲ್‌ಪಿ ಶುರು ಮಾಡಿದ ದಾಖಲೆ, ಪಾಲುದಾರರ ಹೆಸರು, ಆ ಹೆಸರುಗಳಲ್ಲಿ ಆದ ಬದಲಾವಣೆ, ಪ್ರತಿ ವರ್ಷದ ಲೆಕ್ಕಪತ್ರ, ವಾರ್ಷಿಕ ವರದಿ, ಇಷ್ಟನ್ನೂ ಶುಲ್ಕ ಕೊಟ್ಟು ಯಾರು ಬೇಕಾದ್ರೂ ನೋಡಬಹುದು. ಯಾರು ಬೇಕಾದ್ರೂ ಅಂದ್ರೆ ನಿಮ್ಮ ಪಕ್ಕದ ಮನೆಯವರೂ ಸೇರಿ.

ಈಗ ಸ್ವಲ್ಪ ಯೋಚನೆ ಮಾಡಿ. ನೀವು ನಿಮ್ಮ ಸ್ವಂತ ಹೆಸರಲ್ಲಿ ಫ್ಲ್ಯಾಟ್ ತಗೊಂಡ್ರೆ, ನಿಮ್ಮ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಪಕ್ಕದ ಮನೆಯವರಿಗೆ ಸಿಗ್ತದಾ? ಇಲ್ಲ. ಬಾಡಿಗೆ ಎಷ್ಟು ಬರ್ತದೆ, ಕೈಯಲ್ಲಿ ಎಷ್ಟು ಉಂಟು ಅಂತ ಅವರಿಗೆ ಗೊತ್ತಾಗ್ತದಾ? ಇಲ್ಲ. ಅದೇ ಫ್ಲ್ಯಾಟನ್ನು ಎಲ್‌ಎಲ್‌ಪಿಗೆ ಹಾಕಿದ್ರೆ ಆಸ್ತಿಯ ಲೆಕ್ಕ, ಸಾಲ, ಆದಾಯ ಎಲ್ಲ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕೂತ್ಕೊಳ್ತದೆ. ಹೆಸರು ಮುಚ್ಚಲು ಹೋಗಿ ಲೆಕ್ಕದ ಪುಸ್ತಕ ಬಿಚ್ಚಿಟ್ಟ ಹಾಗೆ.

ಇನ್ನೊಂದು ಉಂಟು. ಎಲ್‌ಎಲ್‌ಪಿಗೆ ಒಂದು ನೋಂದಾಯಿತ ಕಚೇರಿ ವಿಳಾಸ ಬೇಕು. ಸಣ್ಣ ಎಲ್‌ಎಲ್‌ಪಿ ಮಾಡುವವರು ಖರ್ಚು ಉಳಿಸಲು ಮನೆಯ ವಿಳಾಸವನ್ನೇ ಕೊಟ್ಟುಬಿಡುವುದುಂಟು. ಆ ವಿಳಾಸ ಸರ್ಕಾರಿ ಪೋರ್ಟಲ್‌ಗೆ ಹೋಗ್ತದೆ, ಅಲ್ಲಿಂದ ಮಾಹಿತಿ ಎತ್ತಿ ಹಾಕುವ ಖಾಸಗಿ ವೆಬ್‌ಸೈಟ್‌ಗಳಿಗೂ ಹೋಗ್ತದೆ. ವಿಳಾಸ ಯಾರಿಗೂ ಸಿಗಬಾರದು ಅಂತ ಹೊರಟವರ ವಿಳಾಸ ಗೂಗಲ್ ಸರ್ಚಿಗೇ ಬಂದುಬಿಡಬಹುದು.

ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದ್ರೂ ಕಥೆ ಅದೇ. ನಿರ್ದೇಶಕರ ಹೆಸರು ಪೋರ್ಟಲ್‌ನಲ್ಲಿ ಕಾಣ್ತದೆ, ಷೇರುದಾರರ ವಿವರ ವಾರ್ಷಿಕ ವರದಿಯ ಜೊತೆ ಹೋಗ್ತದೆ. ಒಬ್ಬರೇ ಮಾಡುವ ಓಪಿಸಿ, ಅಂದ್ರೆ ಏಕವ್ಯಕ್ತಿ ಕಂಪನಿ, ಅದರಲ್ಲೂ ಸದಸ್ಯರ ಹೆಸರು, ನಾಮಿನಿಯ ಹೆಸರು ಎರಡನ್ನೂ ಕೊಡಬೇಕು. ಮೇಲೆ ಒಂದು ಕಂಪನಿ, ಅದರ ಮೇಲೆ ಇನ್ನೊಂದು ಅಂತ ಪದರ ಮಾಡಿದ್ರೂ, 10 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಲಾಭದ ಹಕ್ಕು ಇರುವ ನಿಜವಾದ ವ್ಯಕ್ತಿ ಯಾರು ಅಂತ ತಿಳಿಸಲೇಬೇಕು. ಕಂಪನಿಗಳಿಗೆ ಈ ನಿಯಮ 2018ರಿಂದ ಉಂಟು, ಎಲ್‌ಎಲ್‌ಪಿಗಳಿಗೆ 2023ರ ನವೆಂಬರಲ್ಲಿ ಬಂತು.

ಅತ್ತಾವರದ ಒಂದು ಫ್ಲ್ಯಾಟ್

ಒಂದು ಉದಾಹರಣೆ ಇಟ್ಕೊಳ್ಳೋಣ. ಕಾಲ್ಪನಿಕ. ಅಕ್ಕ ಬೆಂಗಳೂರಲ್ಲಿ ಐಟಿ ಕೆಲಸ, ತಮ್ಮ ಮಂಗಳೂರಲ್ಲೇ. ಇಬ್ಬರೂ ಸೇರಿ ಎಲ್‌ಎಲ್‌ಪಿ ಮಾಡಿ ಅತ್ತಾವರದಲ್ಲಿ, ಆಸ್ಪತ್ರೆಯ ಹತ್ತಿರ, ಮೆಡಿಕಲ್ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಲು 45 ಲಕ್ಷದ ಫ್ಲ್ಯಾಟ್ ತಗೊಳ್ತಾರೆ. ಊರಲ್ಲಿ ಸುದ್ದಿಯ ವಾಸನೆ ಹಿಡಿದ ಒಬ್ಬರು ಮಾವ ಇದ್ದಾರೆ ಅಂತ ಇಟ್ಕೊಳ್ಳಿ. ಮಾವ ಎಂತ ಮಾಡಬಹುದು?

ಮೊದಲ ಹೆಜ್ಜೆ, ಇಸಿ. ಋಣಭಾರ ಪ್ರಮಾಣಪತ್ರ. ಕಾವೇರಿ ಪೋರ್ಟಲ್‌ನಲ್ಲಿ ಲಾಗಿನ್ ಮಾಡಿ, ಆಸ್ತಿಯ ವಿವರ ಹಾಕಿ ಶುಲ್ಕ ಕಟ್ಟಿದ್ರೆ ಮಾರಿದವರು ಯಾರು, ಕೊಂಡವರು ಯಾರು ಅಂತ ಬರ್ತದೆ. ಕೊಂಡವರ ಜಾಗದಲ್ಲಿ ಎಲ್‌ಎಲ್‌ಪಿ ಹೆಸರು ಇರ್ತದೆ.

ಎರಡನೇ ಹೆಜ್ಜೆ, ಕ್ರಯಪತ್ರದ ನಕಲು. ಎಲ್‌ಎಲ್‌ಪಿಗೆ ಕೈ ಇಲ್ಲ, ಸಹಿ ಹಾಕಲು ಆಗುವುದಿಲ್ಲ. ಹಾಗಾಗಿ ಪತ್ರದಲ್ಲಿ "ಸದರಿ ಎಲ್‌ಎಲ್‌ಪಿಯ ಪರವಾಗಿ ಅದರ ಪಾಲುದಾರರಾದ" ಅಂತ ತಮ್ಮನ ಹೆಸರು, ತಂದೆಯ ಹೆಸರು, ವಯಸ್ಸು, ವಾಸ ಎಲ್ಲ ಬರ್ತದೆ. ನೋಂದಣಿ ಕಾಯ್ದೆಯ 32ಎ ಸೆಕ್ಷನ್ ಪ್ರಕಾರ ಫೋಟೋ, ಬೆರಳಚ್ಚು ಕೂಡ ಬೇಕು. ಮಾವನ ಕೆಲಸ ಇಲ್ಲಿಗೇ ಮುಗೀತು.

ತಮ್ಮನ ಬದಲು ಬೇರೆ ಯಾರಿಗೋ ಅಧಿಕಾರ ಕೊಟ್ಟು ಸಹಿ ಹಾಕಿಸಿದ್ರೆ? ಆಗ ಮೂರನೇ ಹೆಜ್ಜೆ. ಸಚಿವಾಲಯದ ಪೋರ್ಟಲ್‌ನಲ್ಲಿ ಎಲ್‌ಎಲ್‌ಪಿ ಹೆಸರು ಹಾಕಿದ್ರೆ ಇಬ್ಬರ ಹೆಸರೂ ಬರ್ತದೆ. ಸ್ವಲ್ಪ ದುಡ್ಡು ಕಟ್ಟಿದ್ರೆ ವಾರ್ಷಿಕ ವರದಿಯಲ್ಲಿ ಯಾರು ಎಷ್ಟು ಬಂಡವಾಳ ಹಾಕಿದ್ದಾರೆ ಅಂತಲೂ ಸಿಗ್ತದೆ. ಅಕ್ಕ ಎಷ್ಟು ಹಾಕಿದ್ಲು, ತಮ್ಮ ಎಷ್ಟು ಹಾಕಿದ, ಎಲ್ಲ ಮಾವನ ಫೋನಲ್ಲಿ.

ಸರ್ಕಾರಕ್ಕಂತೂ ಮೊದಲ ದಿನವೇ ಗೊತ್ತಿರ್ತದೆ. 30 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಆಸ್ತಿ ವ್ಯವಹಾರದ ಮಾಹಿತಿ ನೋಂದಣಿ ಇಲಾಖೆಯಿಂದ ಆದಾಯ ತೆರಿಗೆ ಇಲಾಖೆಗೆ ಹೋಗ್ತದೆ. ಬೆಲೆ 50 ಲಕ್ಷ ಮುಟ್ಟಿದ್ರೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್ ಕಟ್ಟಬೇಕು, ಅಲ್ಲಿ ಎರಡೂ ಕಡೆಯ ಪ್ಯಾನ್ ಬರ್ತದೆ.

ಯಾಕೆ ಇಷ್ಟು ಓಪನ್?

ಕೋಪ ಬರಬಹುದು, ನನ್ನ ಆಸ್ತಿ ಇನ್ನೊಬ್ಬರಿಗೆ ಯಾಕೆ ಕಾಣಬೇಕು ಅಂತ. ಅದಕ್ಕೂ ಕಾರಣ ಉಂಟು. ನೋಂದಣಿ ಕಾಯ್ದೆ 1908ರದ್ದು. ಅದರ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿಯ ದಾಖಲೆ ಇರುವ ಒಂದನೇ ಪುಸ್ತಕವನ್ನು ಯಾರು ಬೇಕಾದ್ರೂ ನೋಡಬಹುದು, ನಕಲು ಕೇಳಬಹುದು. ಹೆಸರಿನ ಪ್ರಕಾರ ಒಂದು ಸೂಚಿ, ಆಸ್ತಿಯ ಪ್ರಕಾರ ಇನ್ನೊಂದು ಸೂಚಿ, ಅದೂ ಆ ಕಾಲದ್ದೇ. ಅದೇ ಕಾಯ್ದೆ ಬದುಕಿರುವವರ ವಿಲ್ ಅನ್ನು ಮಾತ್ರ ಹೊರಗಿನವರಿಗೆ ತೋರಿಸುವುದಿಲ್ಲ. ಅಂದ್ರೆ ಎಂತ ತೆರೆದಿಡಬೇಕು, ಎಂತ ಮುಚ್ಚಿಡಬೇಕು ಅಂತ ಯೋಚಿಸಿಯೇ ಮಾಡಿದ್ದಾರೆ.

ಯಾಕಂದ್ರೆ ನೀವು ನಾಳೆ ಬಿಜೈಯಲ್ಲಿ ಫ್ಲ್ಯಾಟ್ ನೋಡಲು ಹೋಗ್ತೀರಿ. ಮಾರುವವರು ಅದರ ಮೇಲೆ ಸಾಲ ಮಾಡಿದ್ದಾರಾ, ಬೇರೆ ಯಾರಿಗಾದ್ರೂ ಈಗಾಗಲೇ ಮಾರಿದ್ದಾರಾ ಅಂತ ನಿಮಗೆ ಗೊತ್ತಾಗಬೇಕು. ಅವರ ಹೆಸರು ಮುಚ್ಚಿದ್ರೆ ನಿಮಗೆ ಮೋಸ. ಹಳ್ಳಿ ಕಡೆಯ ಜಾಗಕ್ಕೆ ‘ಭೂಮಿ’ ಪೋರ್ಟಲ್‌ನಲ್ಲಿ ಸರ್ವೆ ನಂಬರ್ ಹಾಕಿ ಆರ್‌ಟಿಸಿ ನೋಡುವುದೂ ಇದಕ್ಕೇ. ಕೊಳ್ಳುವಾಗ ನಮಗೆ ಈ ಕಿಟಕಿ ಬೇಕು. ಕೊಂಡ ಮೇಲೆ ನಮ್ಮದನ್ನು ಮಾತ್ರ ಮುಚ್ಚಿ ಅಂದ್ರೆ ಹೇಗೆ?

ಖಾಸಗಿತನ ಮೂಲಭೂತ ಹಕ್ಕು ಹೌದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ಆದ್ರೆ ಕಾನೂನಿನ ಪ್ರಕಾರ ಸಾರ್ವಜನಿಕ ಮಾಡಲೇಬೇಕಾದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ.

ಹಾಗಾದ್ರೆ ಎಲ್‌ಎಲ್‌ಪಿ ಯಾಕೆ ಬೇಕು?

ಬೇಕು. ಬೇರೆ ಕೆಲಸಕ್ಕೆ. ಹೆಸರೇ ಹೇಳ್ತದಲ್ಲ, ಹೊಣೆಗೆ ಮಿತಿ. ಅತ್ತಾವರದ ಫ್ಲ್ಯಾಟಿನ ವ್ಯವಹಾರದಲ್ಲಿ ಎಲ್‌ಎಲ್‌ಪಿ ಮೇಲೆ ಕೇಸು ಬಿತ್ತು, ಬಾಕಿ ಬಿತ್ತು ಅಂತ ಇಟ್ಕೊಳ್ಳಿ. ಸಾಮಾನ್ಯವಾಗಿ ಅದು ಎಲ್‌ಎಲ್‌ಪಿಯ ಆಸ್ತಿಗೆ ಮಾತ್ರ ತಟ್ತದೆ. ಅಕ್ಕನ ಸಂಬಳ, ತಮ್ಮನ ಬೈಕು ಅದರಲ್ಲಿ ಬರುವುದಿಲ್ಲ. ಹಾಗಂತ ಪೂರ್ತಿ ಕವಚವೂ ಅಲ್ಲ. ಪಾಲುದಾರ ತಾನೇ ತಪ್ಪು ಮಾಡಿದ್ರೆ ಅದಕ್ಕೆ ಅವನೇ ಹೊಣೆ. ಮೋಸ ಮಾಡುವ ಉದ್ದೇಶ ಇತ್ತು ಅಂತ ಸಾಬೀತಾದ್ರೆ ಮಿತಿಯೇ ಇಲ್ಲ. ಬ್ಯಾಂಕ್ ಸಾಲ ಕೊಡುವಾಗ ಪಾಲುದಾರರ ವೈಯಕ್ತಿಕ ಗ್ಯಾರಂಟಿ ಕೇಳಿದ್ರೆ ಆ ಮಟ್ಟಿಗೆ ರಕ್ಷಣೆ ಹೋಯ್ತು.

ಗುಟ್ಟಾಗಿ ಉಳಿಯುವ ಒಂದು ಕಾಗದ ಉಂಟು, ಪಾಲುದಾರರ ನಡುವಿನ ಒಪ್ಪಂದ. 36ನೇ ಸೆಕ್ಷನ್‌ನ ಪಟ್ಟಿಯಲ್ಲಿ ಅದು ಇಲ್ಲ. ಲಾಭ ಹೇಗೆ ಹಂಚುವುದು, ಒಬ್ಬರು ಹೊರಗೆ ಹೋಗುವಾಗ ಎಷ್ಟು ಕೊಡುವುದು, ಮದುವೆಯಾಗಿ ಹೋದ್ರೆ, ತೀರಿಹೋದ್ರೆ ಪಾಲು ಯಾರಿಗೆ, ಇದೆಲ್ಲ ಅದರಲ್ಲಿ ಬರೆಯಬಹುದು. ಒಡಹುಟ್ಟಿದವರು, ಗೆಳೆಯರು ಸೇರಿ ಆಸ್ತಿ ಮಾಡುವಾಗ ಜಗಳ ಬರುವುದೇ ಇಲ್ಲಿ. ಹಾಗಾಗಿ ಇದು ದೊಡ್ಡ ಉಪಯೋಗ.

ಖರ್ಚಿನ ಲೆಕ್ಕವನ್ನೂ ಹಾಕೋಣ. ತಿಂಗಳಿಗೆ 20 ಸಾವಿರ ಬಾಡಿಗೆ, ವರ್ಷಕ್ಕೆ 2 ಲಕ್ಷದ 40 ಸಾವಿರ. ಮನೆ ಬಾಡಿಗೆಯಲ್ಲಿ 30 ಪರ್ಸೆಂಟ್ ಕಳೆಯಲು ಅವಕಾಶ ಉಂಟು, ಉಳಿಯುವುದು 1 ಲಕ್ಷದ 68 ಸಾವಿರ. ಎಲ್‌ಎಲ್‌ಪಿಗೆ ಮೊದಲ ರೂಪಾಯಿಯಿಂದಲೇ 30 ಪರ್ಸೆಂಟ್ ತೆರಿಗೆ, ಅದರ ಮೇಲೆ 4 ಪರ್ಸೆಂಟ್ ಸೆಸ್. ಒಟ್ಟು 52 ಸಾವಿರದ 416 ರೂಪಾಯಿ. ಇದೇ ಬಾಡಿಗೆ ಸ್ವಂತ ಹೆಸರಲ್ಲಿ ಬಂದು, ಇಲ್ಲೇ ವಾಸ ಇರುವ ನಿಮ್ಮ ವರ್ಷದ ಒಟ್ಟು ತೆರಿಗೆ ಆದಾಯ 12 ಲಕ್ಷದೊಳಗೆ ಇದ್ರೆ, 2025–26ರಿಂದ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಎಲ್‌ಎಲ್‌ಪಿಯ ಬಂಡವಾಳ 25 ಲಕ್ಷ ಅಥವಾ ವಹಿವಾಟು 40 ಲಕ್ಷ ದಾಟಿದ್ರೆ ಆಡಿಟ್ ಕಡ್ಡಾಯ. ವರ್ಷಕ್ಕೆ ಎರಡು ಫಾರಂ ತುಂಬಬೇಕು, ಒಂದು ಮೇ 30ರೊಳಗೆ, ಇನ್ನೊಂದು ಅಕ್ಟೋಬರ್ 30ರೊಳಗೆ. ತಡ ಆದ್ರೆ ದಂಡ.

ಇನ್ನು, ಈಗಾಗಲೇ ನಿಮ್ಮ ಹೆಸರಲ್ಲಿರುವ ಮನೆಯನ್ನು ಎಲ್‌ಎಲ್‌ಪಿಗೆ ವರ್ಗ ಮಾಡಿದ್ರೆ ಹೆಸರು ಅಳಿಸಿಹೋಗುವುದಿಲ್ಲ. ಇಸಿಯಲ್ಲಿ ಹಳೆಯ ಸಾಲು ಹಾಗೇ ಇರ್ತದೆ. ಮೇಲಿಂದ ಕ್ಯಾಪಿಟಲ್ ಗೇನ್ಸ್ ತೆರಿಗೆ, ಸ್ಟ್ಯಾಂಪ್ ಡ್ಯೂಟಿಯ ಪ್ರಶ್ನೆ. ಮುಂದೆ ಮಾರಿ ಇನ್ನೊಂದು ಮನೆ ತಗೊಂಡಾಗ ವ್ಯಕ್ತಿಗಳಿಗೆ ಸಿಗುವ ತೆರಿಗೆ ವಿನಾಯಿತಿ ಎಲ್‌ಎಲ್‌ಪಿಗೆ ಸಿಗುವುದಿಲ್ಲ.

ನನ್ನ ಪ್ರಕಾರ ಒಂದೇ ಫ್ಲ್ಯಾಟಿಗೆ ಇಷ್ಟೆಲ್ಲ ಯಾಕೆ ಅಂತ ಎರಡು ಸಲ ಕೇಳ್ಕೊಳ್ಳಬೇಕು.

"ಅಮ್ಮನ ಹೆಸರಲ್ಲಿ ತಗೊಂಡ್ರೆ ಆಯ್ತಲ್ಲ?"

ಇವತ್ತಿನ ಮುಖ್ಯ ಭಾಗ ಇದು. ಸ್ಕ್ರೋಲ್ ಮಾಡ್ಬೇಡಿ ಮಾರಾಯ್ರೆ.

ಎಲ್‌ಎಲ್‌ಪಿ ಬೇಡ ಅಂದ ಕೂಡಲೇ ನಮ್ಮೂರಲ್ಲಿ ಬರುವ ಮಾತು: ತಮ್ಮನ ಹೆಸರಲ್ಲಿ ಮಾಡು, ಅಮ್ಮನ ಹೆಸರಲ್ಲಿ ಮಾಡು, ನಂಬಿಕೆಯ ದೋಸ್ತಿಯ ಹೆಸರಲ್ಲಿ ಮಾಡು. ಹಣ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು. ಕಾನೂನಿನಲ್ಲಿ ಇದಕ್ಕೆ ಬೇನಾಮಿ ಅಂತ ಹೆಸರು. ಕಾಯ್ದೆ 1988ರದ್ದು. ತುಂಬ ವರ್ಷ ಅದಕ್ಕೆ ಹಲ್ಲು ಇರಲಿಲ್ಲ. 2016ರ ನವೆಂಬರ್ 1ರಿಂದ ತಿದ್ದುಪಡಿ ಬಂದು ಬಿಗಿಯಾಯ್ತು.

ಯಾರಿಗೆ ವಿನಾಯಿತಿ ಉಂಟು? ನಿಮ್ಮ ಲೆಕ್ಕಕ್ಕೆ ಸಿಗುವ, ಮೂಲ ತೋರಿಸಬಹುದಾದ ಹಣದಿಂದ ಗಂಡ, ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿ ಕೊಂಡ್ರೆ ಅದು ಬೇನಾಮಿ ಅಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ, ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಇವರ ವಿಷಯದಲ್ಲಿ ಒಂದು ಶರತ್ತು ಉಂಟು. ದಾಖಲೆಯಲ್ಲಿ ಅವರ ಹೆಸರಿನ ಜೊತೆ ನಿಮ್ಮ ಹೆಸರೂ ಜಂಟಿ ಮಾಲೀಕರಾಗಿ ಇರಬೇಕು. ನಿಮ್ಮ ದುಡ್ಡು, ಅಮ್ಮನ ಒಬ್ಬರದ್ದೇ ಹೆಸರು, ಮಾಲೀಕ ಮಾತ್ರ ನಾನೇ ಅಂತ ನಿಮ್ಮ ಮನಸ್ಸಲ್ಲಿ ಲೆಕ್ಕ. ಇದು ಆ ವಿನಾಯಿತಿಯೊಳಗೆ ಬರುವುದಿಲ್ಲ. ದೋಸ್ತಿಯ ಹೆಸರಿಗಂತೂ ಯಾವ ವಿನಾಯಿತಿಯೂ ಇಲ್ಲ. ಡ್ರೈವರ್, ಕೆಲಸದವರನ್ನು ಹೆಸರಿಗೆ ಮಾತ್ರ ಪಾಲುದಾರರನ್ನಾಗಿ ಮಾಡಿ ಎಲ್‌ಎಲ್‌ಪಿ ಮಾಡಿದ್ರೂ ಅದೇ ಬಲೆ. ಕಾಯ್ದೆಯಲ್ಲಿ ‘ವ್ಯಕ್ತಿ’ ಅಂದ್ರೆ ಕಂಪನಿ, ಸಂಸ್ಥೆಗಳೂ ಸೇರಿವೆ.

ಶಿಕ್ಷೆ: ಆಸ್ತಿ ಮುಟ್ಟುಗೋಲು. ಒಂದರಿಂದ ಏಳು ವರ್ಷದವರೆಗೆ ಕಠಿಣ ಜೈಲು. ಮಾರುಕಟ್ಟೆ ಬೆಲೆಯ 25 ಪರ್ಸೆಂಟ್‌ವರೆಗೆ ದಂಡ. 2016ಕ್ಕಿಂತ ಹಿಂದಿನದ್ದಕ್ಕೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ ಅಂತ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ಅಕ್ಟೋಬರಲ್ಲಿ ಆ ತೀರ್ಪನ್ನು ಅದೇ ಕೋರ್ಟ್ ಹಿಂದಕ್ಕೆ ಪಡೆಯಿತು. ಹಾಗಾಗಿ ಹಳೆಯದ್ದು ಅಂತ ನೆಮ್ಮದಿಯಲ್ಲಿ ಕೂರುವ ಹಾಗಿಲ್ಲ.

ಜೈಲಿನ ಮಾತು ಬಿಡಿ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ನಾಲ್ಕನೇ ಸೆಕ್ಷನ್. ಹೆಸರು ಕೊಟ್ಟವರು ನಾಳೆ "ಇದು ನನ್ನದೇ" ಅಂದ್ರೆ, ಹಣ ಕೊಟ್ಟವರು ನಿಜವಾದ ಮಾಲೀಕ ನಾನು ಅಂತ ಕೋರ್ಟಿಗೆ ಹೋಗುವ ಹಾಗಿಲ್ಲ. ಕಾನೂನು ಆ ಬಾಗಿಲನ್ನು ಮುಚ್ಚಿದೆ. ಹತ್ತು ವರ್ಷ ಬಿಸಿಲಲ್ಲಿ ದುಡಿದು ಕಳಿಸಿದ ದುಡ್ಡು, ಒಂದು ಮಾತಿನ ಮೇಲೆ ನಿಂತಿರ್ತದೆ. ಆ ಮಾತು ಕೊಟ್ಟವರು ತೀರಿಹೋದ್ರೆ ಅವರ ಹೆಂಡತಿ, ಮಕ್ಕಳು ಆ ಮಾತಿಗೆ ಬದ್ಧರಾ?

ಅಮ್ಮನಿಗೆ ನಿಜವಾಗಿ ಕೊಡಬೇಕು ಅಂತ ಇದ್ರೆ ದಾರಿ ಉಂಟು. ಹಣವನ್ನು ಗಿಫ್ಟ್ ಆಗಿ ಬ್ಯಾಂಕ್ ಮೂಲಕ ಕೊಡಿ, ಕಾಗದ ಮಾಡಿ. ಹತ್ತಿರದ ಸಂಬಂಧಿಕರ ಗಿಫ್ಟಿಗೆ ತೆರಿಗೆ ಇಲ್ಲ. ಆದ್ರೆ ಕೊಟ್ಟ ಮೇಲೆ ಆ ಹಣ ಅಮ್ಮನದ್ದು, ಆ ಮನೆ ಅಮ್ಮನದ್ದು. ಅದು ಮುಂದೆ ಎಲ್ಲ ಮಕ್ಕಳಿಗೂ ಪಾಲಾಗಬಹುದು. ಅದಕ್ಕೆ ಮನಸ್ಸು ಒಪ್ಪಬೇಕು.

ಗಲ್ಫಿನಿಂದ ಕೇಳ್ತಾ ಇರುವವರಿಗೆ

ಎನ್‌ಆರ್‌ಐ ಆದವರು ತಮ್ಮ ಸ್ವಂತ ಹೆಸರಲ್ಲಿ ಮನೆ, ಫ್ಲ್ಯಾಟ್, ಅಂಗಡಿ ಕೋಣೆ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದ್ರೆ ಬೇರೆ ಮಾತು. ಇನ್ನು, ಜಾಗ ಕೊಂಡು ಮಾರಿ ಲಾಭ ಮಾಡುವ ರಿಯಲ್ ಎಸ್ಟೇಟ್ ವ್ಯವಹಾರದ ಎಲ್‌ಎಲ್‌ಪಿಯಲ್ಲಿ ಎನ್‌ಆರ್‌ಐ ಹಣ ಹಾಕುವುದಕ್ಕೆ ಫೆಮಾ ನಿಯಮಗಳಲ್ಲಿ ನಿಷೇಧ ಉಂಟು, ಹಣ ವಾಪಸ್ ಒಯ್ಯುವುದಿಲ್ಲ ಅಂದ್ರೂ. ಬಾಡಿಗೆ ಆದಾಯಕ್ಕೆ, ಕಟ್ಟಡ ಕಟ್ಟುವುದಕ್ಕೆ ಆ ನಿಷೇಧ ಇಲ್ಲ. ಗೆರೆ ಸಣ್ಣದು. "ತಮ್ಮ ಮತ್ತು ನಾನು ಸೇರಿ ಪ್ಲಾಟ್ ವ್ಯಾಪಾರಕ್ಕೆ ಎಲ್‌ಎಲ್‌ಪಿ ಮಾಡ್ತೇವೆ" ಅನ್ನುವ ಮೊದಲು ಫೆಮಾ ಗೊತ್ತಿರುವ ಸಿಎ ಹತ್ತಿರ ಮಾತಾಡಿ.

ಹೆಸರಿಗಿಂತ ಹೆಬ್ಬೆಟ್ಟು ದೊಡ್ಡದು

ಈಗ ನಿಜವಾಗಿ ನಷ್ಟ ಆದ ಕಥೆಗೆ ಬರ್ತೇನೆ. 2023ರಲ್ಲಿ ಮಂಗಳೂರಲ್ಲಿ ಒಂದರ ಹಿಂದೆ ಒಂದು ದೂರು ಬಂತು. ಓಟಿಪಿ ಬಂದಿಲ್ಲ, ಲಿಂಕ್ ಒತ್ತಿಲ್ಲ, ಕಾರ್ಡ್ ಕೊಟ್ಟಿಲ್ಲ. ಆದ್ರೂ ಖಾತೆಯಿಂದ ಹಣ ಹೋಗಿದೆ. ಹಲವರಲ್ಲಿ ಒಂದು ಸಾಮ್ಯ ಕಂಡಿತು: ಸ್ವಲ್ಪ ದಿನದ ಹಿಂದೆ ಆಸ್ತಿ ನೋಂದಣಿಗೆ ಹೋಗಿ ಬಂದವರು. ಹಣ ಹೋದದ್ದು ಎಇಪಿಎಸ್ ಮೂಲಕ, ಅಂದ್ರೆ ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ರೆ ಹಣ ತೆಗೆಯುವ ವ್ಯವಸ್ಥೆ. ಹಳ್ಳಿಗಳಲ್ಲಿ ಪಿಂಚಣಿ ತೆಗೆಯಲು ತುಂಬ ಉಪಕಾರದ್ದು. ನೋಂದಣಿ ಪತ್ರಗಳಲ್ಲಿ ಇದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನ ಮೇಲೆ ಅನುಮಾನ ಬಿತ್ತು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಪೊಲೀಸರು ಜನರಿಗೆ ಹೇಳಿದ್ರು.

ಈ ಜಾಗದಲ್ಲಿ ಎಲ್‌ಎಲ್‌ಪಿ ಎಂತ ಮಾಡ್ತಿತ್ತು? ಏನೂ ಇಲ್ಲ. ಎಲ್‌ಎಲ್‌ಪಿಯ ಪರವಾಗಿ ಹೆಬ್ಬೆಟ್ಟು ಒತ್ತುವುದೂ ಒಬ್ಬ ಮನುಷ್ಯನೇ. ಹೆಸರು ಮಾವನಿಗೆ ಗೊತ್ತಾದ್ರೆ ಒಂದು ಕಿರಿಕಿರಿ. ಬೆರಳಚ್ಚು ಕಳ್ಳನ ಕೈಗೆ ಸಿಕ್ಕಿದ್ರೆ ಖಾತೆ ಖಾಲಿ, ಅದೂ ಪಾಸ್‌ವರ್ಡಿನ ಹಾಗೆ ಬದಲಿಸಲು ಆಗದ ವಸ್ತು.

ಹಾಗಾಗಿ ನೋಂದಣಿಗೆ ಹೋಗುವವರು ಇಷ್ಟು ಮಾಡಿ. ಬರ್ಕೊಳ್ಳಿ.

ಒಂದು, ನೋಂದಣಿ ಕೆಲಸ ಮುಗಿದ ಕೂಡಲೇ ಎಂಆಧಾರ್ ಆ್ಯಪಲ್ಲಿ ಅಥವಾ ಯುಐಡಿಎಐ ವೆಬ್‌ಸೈಟಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಬೇಕಾದಾಗ ಬಿಚ್ಚಬಹುದು. ಅಪ್ಪ, ಅಮ್ಮನದ್ದೂ ಅವರಿಗೆ ಹೇಳಿ, ಅವರ ಎದುರೇ ಮಾಡಿಕೊಡಿ.

ಎರಡು, ಕ್ರಯಪತ್ರದ ಕರಡು ಬಂದಾಗ ಓದಿ. ಪೂರ್ತಿ ಆಧಾರ್ ಸಂಖ್ಯೆ ಬರೆದಿದ್ರೆ ಅದರ ಅಗತ್ಯ ಉಂಟಾ ಅಂತ ವಕೀಲರನ್ನು ಕೇಳಿ. ಜೆರಾಕ್ಸ್ ಕೊಡುವಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೀತದಾ ಅಂತ ಮೊದಲು ಕೇಳಿ.

ಮೂರು, ಪತ್ರದ ಪಿಡಿಎಫ್ ಅನ್ನು ಫ್ಯಾಮಿಲಿ ಗ್ರೂಪಿಗೆ, ಬ್ರೋಕರ್ ಗ್ರೂಪಿಗೆ ಹಾಕ್ಬೇಡಿ. ಎಷ್ಟೋ ಗುಟ್ಟು ಹೊರಗೆ ಹೋಗುವುದು ಕಾವೇರಿಯಿಂದ ಅಲ್ಲ, ನಮ್ಮ ವಾಟ್ಸ್‌ಆ್ಯಪ್‌ನಿಂದ.

ನಾಲ್ಕು, ಹಣ ಹೋದದ್ದು ಗೊತ್ತಾದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕರ ಹೊಣೆ ಸೊನ್ನೆ ಅಂತ ಆರ್‌ಬಿಐ 2017ರ ಸುತ್ತೋಲೆಯಲ್ಲಿ ಹೇಳಿದೆ.

ಐದು, ನಿಮಗೆ ಬೇಕಾದದ್ದು ರಿಯಲ್ ಎಸ್ಟೇಟಿನಲ್ಲಿ ಹೂಡಿಕೆ ಮಾತ್ರ, ಊರಲ್ಲಿ ಒಂದು ಬೀಗದ ಕೈ ಅಲ್ಲ ಅಂತಾದ್ರೆ, ಆರ್‌ಇಐಟಿ ಬಗ್ಗೆ ಓದಿ. ದೊಡ್ಡ ಆಫೀಸು ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ ಯೂನಿಟ್‌ಗಳು, ಷೇರಿನ ಹಾಗೆ. ದೇಶದ ಮೊದಲನೆಯದ್ದು ಬೆಂಗಳೂರಿನ ಎಂಬೆಸಿ ಸಂಸ್ಥೆಯದ್ದು, 2019ರ ಏಪ್ರಿಲಲ್ಲಿ ಮಾರುಕಟ್ಟೆಗೆ ಬಂತು. ಬೆಲೆ ಏರ್ತದೆ, ಇಳೀತದೆ, ಅದು ನಿಮ್ಮ ರಿಸ್ಕ್. ಆದ್ರೆ ಸಣ್ಣ ಹೂಡಿಕೆ ಡಿಮ್ಯಾಟ್ ಖಾತೆಯಲ್ಲಿ ಕೂತ್ಕೊಳ್ತದೆ, ಇಸಿ ತೆಗೆದು ನೋಡಲು ಮಾವನಿಗೆ ದಾರಿ ಇಲ್ಲ.

ಕೊನೆಗೆ ಒಂದು ಮಾತು. ಎಲ್‌ಎಲ್‌ಪಿ ಮಾಡುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ನನ್ನ ಹೆಸರು ಯಾರಿಂದ ಮುಚ್ಚಬೇಕು? ಉತ್ತರ "ಸಾಲಗಾರರಿಂದ, ಕೇಸಿನಿಂದ ರಕ್ಷಣೆ" ಅಂತ ಇದ್ರೆ ಎಲ್‌ಎಲ್‌ಪಿಯ ಬಗ್ಗೆ ಸಿಎ ಹತ್ತಿರ ಹೋಗಿ. "ಕಳ್ಳರಿಂದ" ಅಂತ ಇದ್ರೆ ಬಯೋಮೆಟ್ರಿಕ್ ಲಾಕ್ ಮಾಡಿ, ಖರ್ಚು ಸೊನ್ನೆ. "ಸಂಬಂಧಿಕರಿಂದ" ಅಂತ ಇದ್ರೆ ಯಾವ ಕಾಯ್ದೆಯೂ ಸಹಾಯ ಮಾಡುವುದಿಲ್ಲ, ಸಾಲ ಕೇಳಿದಾಗ ಇಲ್ಲ ಅನ್ನಲು ಕಲೀಬೇಕು. "ಸರ್ಕಾರದಿಂದ" ಅಂತ ಇದ್ರೆ, ಆ ಹಾಳೆ ಹರಿದು ಹಾಕಿ, ವ್ಯವಹಾರವನ್ನೂ ಅಲ್ಲಿಗೇ ಬಿಡಿ.

ನಾನು ಹೇಳಿದ್ದು ಸಾಮಾನ್ಯ ಮಾಹಿತಿ. ಸಹಿ ಹಾಕುವ ಮೊದಲು ನಿಮ್ಮ ಕಾಗದಗಳನ್ನು ಒಬ್ಬ ವಕೀಲರಿಗೆ, ಒಬ್ಬ ಸಿಎಗೆ ತೋರಿಸಿ. ಮತ್ತೆ, ಈಗಲೇ ಫೋನ್ ಕೈಯಲ್ಲಿ ಉಂಟಲ್ಲ, ಲಾಕ್ ಮಾಡಿಯೇ ಮುಂದಿನ ಎಪಿಸೋಡ್ ಒತ್ತಿ. ಸಿಗುವ.